ನೀರಾಟ ಕಲಿಸಿದವಳು

ದೊರೆ ಎನ್ನುವುದು ಅವನಿಗೆ ಅಮ್ಮ ಇಟ್ಟ ಹೆಸರು. ಶಾಲೆಗೆ ಹೋಗದ, ಎಲ್ಲೂ ಸಹಿ ಹಾಕದ ಮನುಷ್ಯನಿಗೆ ಇನ್ನೊಂದು ಹೆಸರಿನ ಅಗತ್ಯ ಬೀಳಲೇ ಇಲ್ಲ. ನಡೆಯುವಾಗ ಮೊಣಕೈಗಳನ್ನು ಮೇಲೆತ್ತಿ, ಕಾಲುಗಳನ್ನು ಅಗಲಿಸಿ, ಎರಡೂ ಕಡೆ ಪ್ರಜೆಗಳು ಸಾಲಾಗಿ ನಿಂತಿದ್ದಾರೇನೋ ಎಂಬಂತೆ ಮುಖ ಅರಳಿಸಿಕೊಂಡು ಬರುತ್ತಿದ್ದ. ಮಾತು ಬಾರದು. ನಗು ಮಾತ್ರ ಬೇಕಾದಷ್ಟು. ಹಸಿದರೂ ನಗು, ಬಿದ್ದರೂ ನಗು, ಎದುರಿಗಿದ್ದವರು ಗದರಿದರೆ ಇನ್ನೂ ಜಾಸ್ತಿ ನಗು. ಗೊತ್ತಿಲ್ಲದವರು "ಪುಣ್ಯವಂತ ಕಣಮ್ಮ, ಚಿಂತೆಯೇ ಇಲ್ಲ" ಎಂದು ಹೇಳಿ ಹೋಗುತ್ತಿದ್ದರು. ಅಮ್ಮ ಅವರನ್ನು ಕಳಿಸಿ, ಬಾಗಿಲು ಹಾಕಿಕೊಂಡ ಮೇಲೆ ಅವನ ಕೆನ್ನೆ ಒರೆಸಿ, "ನಿನ್ನ ನಗು ನನಗೊಬ್ಬಳಿಗೇ ಅರ್ಥ ಆಗೋದು ಕಣೋ ದೊರೆ" ಎನ್ನುತ್ತಿದ್ದಳು.

ಆ ಮಾತು ಕೇಳಿದಾಗಲೆಲ್ಲ ಅಕ್ಕನಿಗೆ ಒಳಗೊಳಗೇ ಚುರ್ರೆನ್ನುತ್ತಿತ್ತು. ನನಗೂ ಅರ್ಥವಾಗುತ್ತೆ ಎಂದು ಹೇಳಬೇಕೆನಿಸುತ್ತಿತ್ತು.

ಅಕ್ಕ ಅವನಿಗಿಂತ ಏಳೆಂಟು ವರ್ಷ ದೊಡ್ಡವಳು. ಊರಿನ ದೊಡ್ಡಾಸ್ಪತ್ರೆಯ ಹೊಲಿಗೆ ಕೋಣೆಯಲ್ಲಿ ಕೆಲಸ. ನೆಲಮಾಳಿಗೆಯಲ್ಲಿ, ಲಾಂಡ್ರಿಯ ಪಕ್ಕಕ್ಕೆ, ಕಿಟಕಿ ಇರಬೇಕಾದ ಜಾಗದಲ್ಲಿ ಗಾಳಿ ಹೊರಹಾಕುವ ಫ್ಯಾನು ಇರುವ ಕೋಣೆ ಅದು. ಹರಿದ ಬೆಡ್‌ಶೀಟಿಗೆ ತೇಪೆ, ರೋಗಿಗಳ ಅಂಗಿಗೆ ಕಿತ್ತುಹೋದ ಕಟ್ಟುದಾರ, ಆಪರೇಷನ್ ಕೋಣೆಯ ಹಸಿರು ಬಟ್ಟೆಗೆ ಹೊಸ ಅಂಚು. ತೇಪೆಗೂ ಜಗ್ಗದ ಬೆಡ್‌ಶೀಟು ದಿಂಬಿನ ಚೀಲವಾಗುತ್ತಿತ್ತು, ದಿಂಬಿನ ಚೀಲ ಹರಿದರೆ ಒರೆಸುವ ಬಟ್ಟೆಯಾಗುತ್ತಿತ್ತು. ಮೊದಲು ಮೂವರಿದ್ದ ಕೋಣೆ. ಒಬ್ಬರು ನಿವೃತ್ತಿಯಾದರು, ಇನ್ನೊಬ್ಬರು ಬಿಟ್ಟುಹೋದರು, ಅವರ ಜಾಗಕ್ಕೆ ಯಾರೂ ಬರಲಿಲ್ಲ. ಎರಡು ಖಾಲಿ ಮಷೀನುಗಳ ಮೇಲೆ ಬಟ್ಟೆ ಹೊದಿಸಿ, ಮೂರನೆಯದರ ಮುಂದೆ ಅಕ್ಕ ದಿನವಿಡೀ ಕೂತಿರುತ್ತಿದ್ದಳು. ಲಾಂಡ್ರಿಯವನು ಬಟ್ಟೆಯ ಗಾಡಿ ತಳ್ಳಿಕೊಂಡು ಬಂದು "ಅಕ್ಕಾ, ತಗೊಳ್ಳಿ" ಎಂದರೆ ಅಂದಿನ ಮಾತು ಅಷ್ಟೇ.

ಮದುವೆಯ ಪ್ರಸ್ತಾಪವೂ ಒಂದೆರಡು ಸಲ ಬಂದಿತ್ತು. ಬಂದವರು ನಡುಮನೆಯಲ್ಲಿ ಕೂತು ಚಹಾ ಕುಡಿದು, ದೊರೆಯನ್ನು ನೋಡಿ, ಅವನ ನಗುವಿಗೆ ತಾವೂ ಸ್ವಲ್ಪ ನಕ್ಕು, "ತಿಳಿಸ್ತೀವಿ" ಎಂದು ಎದ್ದುಹೋದರು. ತಿಳಿಸಲಿಲ್ಲ. ಅಕ್ಕನಿಗೆ ಅದರ ಬಗ್ಗೆ ಅಂಥ ದುಃಖವೇನೂ ಉಳಿದಿರಲಿಲ್ಲ. ತನ್ನದು ಎಂದು ಹೇಳಿಕೊಳ್ಳಲು ಅವಳಿಗೆ ಬೇರೊಂದಿತ್ತು.

ಅದು ನಡೆದದ್ದು ಅವಳು ಲಂಗ ತೊಡುವ ವಯಸ್ಸಿನಲ್ಲಿ. ದೊರೆಗೆ ಆಗ ಎರಡು ದಾಟಿತ್ತೋ ಏನೋ. ಕೂರಿಸಿದರೆ ವಾಲುತ್ತಿದ್ದ, ಕೈಗೆ ಏನು ಕೊಟ್ಟರೂ ಬೀಳಿಸುತ್ತಿದ್ದ. ಅಮ್ಮ ಜ್ವರ ಬಂದು ಮಲಗಿದ್ದಳು. ಸೆಕೆಗೆ ಅವನು ಕಿರುಚುತ್ತಿದ್ದ. ಏನು ಮಾಡಬೇಕೆಂದು ತೋಚದೆ ಅಕ್ಕ ಅವನನ್ನು ಸೊಂಟದ ಮೇಲೆ ಹೊತ್ತುಕೊಂಡು ಬಚ್ಚಲಿಗೆ ಹೋದಳು. ಬಕೆಟ್ಟಿನ ಪಕ್ಕ ಕೂರಿಸಿ, ಅವನ ಅಂಗೈ ಹಿಡಿದು ನೀರಿನ ಮೇಲೆ ಬಡಿದು, "ಪಚಕ್!" ಎಂದಳು. ಕಿರುಚಾಟ ನಿಂತಿತು. ಇನ್ನೊಮ್ಮೆ ಬಡಿದು "ಪಚಕ್!" ಎಂದಳು. ಮೂರನೆಯ ಸಲ ಅವಳು ಬಡಿಯಬೇಕಾಗಲಿಲ್ಲ. ಅವನೇ ಬಡಿದ. ನೀರು ಇಬ್ಬರ ಮುಖಕ್ಕೂ ಹಾರಿತು. ದೊರೆ ಬಿಕ್ಕಳಿಕೆ ಬರುವ ತನಕ ನಕ್ಕ.

"ಏನೇ ಅದು ಗಲಾಟೆ?" ಎಂದು ಅಮ್ಮ ಮಲಗಿದಲ್ಲಿಂದಲೇ ಕೇಳಿದಳು.

"ಅಮ್ಮಾ, ನಾನಿವನಿಗೆ ನೀರಾಟ ಕಲಿಸ್ದೆ!"

ಅಂದಿನಿಂದ ಮನೆಗೆ ಯಾರು ಬಂದರೂ ಅಮ್ಮ ಹೇಳುತ್ತಿದ್ದಳು: "ಇವನಿಗೆ ಅಂತ ಬರೋದು ಒಂದೇ ಆಟ. ಅದನ್ನ ಕಲಿಸಿದ್ದು ಇವಳು." ಅಕ್ಕ ಪಕ್ಕದಲ್ಲಿ ನಿಂತು ನೆಲ ನೋಡುತ್ತಿದ್ದಳು. ಕಿವಿ ಬಿಸಿಯಾಗುತ್ತಿತ್ತು. ಆಮೇಲೆ ದೊರೆ ದೊಡ್ಡವನಾದ, ಅವನಿಗೆ ಗಡ್ಡ ಬಂತು, ಅಕ್ಕನಿಗೆ ಕನ್ನಡಕ ಬಂತು. ಸಂಜೆ ಅಮ್ಮ ದೊಡ್ಡ ಟಬ್ಬಿಗೆ ನೀರು ತುಂಬಿ ಅವನನ್ನು ಪಕ್ಕದಲ್ಲಿ ಕೂರಿಸುವುದು ಮಾತ್ರ ತಪ್ಪಲಿಲ್ಲ. ಚಿಕ್ಕಂದಿನಲ್ಲಿ ಮೂರ್ಛೆ ಬರುತ್ತಿದ್ದವನಾದ್ದರಿಂದ ನೀರಿನ ಹತ್ತಿರ ಒಬ್ಬನನ್ನೇ ಬಿಡುವ ಹಾಗಿರಲಿಲ್ಲ. ಅಮ್ಮ ಬಚ್ಚಲ ಹೊಸ್ತಿಲ ಮೇಲೆ ಮಣೆ ಹಾಕಿಕೊಂಡು, ಕಣ್ಣಲ್ಲಿ ಕಣ್ಣಿಟ್ಟು ಕೂರುತ್ತಿದ್ದಳು. ಕೆಲಸದಿಂದ ಬಂದ ಅಕ್ಕ ನಡುಮನೆಯಲ್ಲಿ ಕಾಲು ಚಾಚಿಕೊಂಡು ಆ ಪಚಪಚ ಸದ್ದು ಕೇಳಿಸಿಕೊಳ್ಳುತ್ತಿದ್ದಳು. ಅವಳಿಗೆ ಮನೆ ಎಂದರೆ ಆ ಸದ್ದೇ.

ಒಂದು ಬೆಳಿಗ್ಗೆ ಅಮ್ಮ ಏಳಲಿಲ್ಲ.

ಬಂಧುಗಳು ಬಂದು ತುಂಬಿದರು. ನಡುಮನೆಯಲ್ಲಿ ಅಮ್ಮನನ್ನು ಮಲಗಿಸಿದ್ದರು. ದೊರೆ ಇಷ್ಟೊಂದು ಜನರನ್ನು ಒಟ್ಟಿಗೆ ಕಂಡವನೇ ಅಲ್ಲ. ಕೈಗಳನ್ನೆತ್ತಿಕೊಂಡು ಒಬ್ಬೊಬ್ಬರ ಮುಖಕ್ಕೂ ಮುಖ ತಂದು ನಕ್ಕ. ಜೋರಾಗಿ ನಕ್ಕ. ಅಳುತ್ತಿದ್ದವರು ಅಳು ನಿಲ್ಲಿಸಿ ಅವನನ್ನೇ ನೋಡಿದರು.

"ಅವನನ್ನ ಒಳಗೆ ಕರಕೊಂಡು ಹೋಗೇ. ಚೆನ್ನಾಗಿರಲ್ಲ" ಎಂದಳು ದೊಡ್ಡಮ್ಮ.

"ಅವನಿಗೆ ಖುಷಿಯಾಗಿಲ್ಲ ದೊಡ್ಡಮ್ಮಾ. ಅವನು ನಗೋದೇ ಹಾಗೆ."

"ಗೊತ್ತು ಬಿಡೇ. ಆದ್ರೂ ನೋಡೋರ ಕಣ್ಣಿಗೆ..."

ಅಕ್ಕ ಅವನ ಕೈಹಿಡಿದು ಒಳಗೆ ಕರೆದೊಯ್ದಳು. ಬಚ್ಚಲಲ್ಲಿ ನಲ್ಲಿ ಬಿಟ್ಟು ಕೂರಿಸಿದಳು. ಅಮ್ಮನನ್ನು ಹೊರಗೆ ತೆಗೆದುಕೊಂಡು ಹೋಗುವಾಗ ಅವಳು ಇದ್ದದ್ದು ಬಚ್ಚಲ ಹೊಸ್ತಿಲ ಮೇಲೆ. ನಡುಮನೆಯ ಗದ್ದಲ ಬಾಗಿಲ ತನಕ ಹೋಗಿ, ಮೆಟ್ಟಿಲು ಇಳಿದು, ಬೀದಿಯಲ್ಲಿ ಕರಗಿಹೋಯಿತು. ದೊರೆ ನೀರು ಬಡಿಯುತ್ತಲೇ ಇದ್ದ.

ಬಂಧುಗಳು ಅವರವರ ದಾರಿ ಹಿಡಿದರು. ಹಗಲು ನೋಡಿಕೊಳ್ಳಲು ಒಬ್ಬ ಹೆಂಗಸನ್ನು ಗೊತ್ತುಮಾಡಿಕೊಂಡು ಅಕ್ಕ ಕೆಲಸಕ್ಕೆ ಹಿಂತಿರುಗಿದಳು. ಅಮ್ಮ ಯಾವುದನ್ನೂ ಹೇಳಿಕೊಟ್ಟಿರಲಿಲ್ಲ. ಅವನು ಯಾವ ನಗು ನಕ್ಕರೆ ಹೊಟ್ಟೆನೋವು, ಯಾವುದಕ್ಕೆ ನಿದ್ದೆ, ಯಾವುದಕ್ಕೆ ಸುಮ್ಮನೆ ನಗು, ಎಲ್ಲ ಅಮ್ಮನ ಜೊತೆಗೇ ಹೋಗಿತ್ತು. ಇಷ್ಟು ವರ್ಷ ಒಂದೇ ಸೂರಿನಡಿ ಇದ್ದೂ ತಾನು ತಮ್ಮನನ್ನು ದೂರದಿಂದ ನೋಡಿದ್ದೇ ಬಂತು ಎಂದು ಅಕ್ಕನಿಗೆ ಅನ್ನಿಸತೊಡಗಿತು. ಆದರೂ ಒಂದು ಧೈರ್ಯ: ನೀರಿದೆ. ನೀರು ತನ್ನ ಕೈಯಲ್ಲಿದೆ.

ಅದಕ್ಕೂ ಕುತ್ತು ಬಂತು. ನೋಡಿಕೊಳ್ಳುವ ಹೆಂಗಸು ಮಧ್ಯಾಹ್ನ ಕಣ್ಣು ಮುಚ್ಚಿದಾಗ ದೊರೆ ನಲ್ಲಿ ತಿರುಗಿಸುವುದನ್ನು ಕಲಿತ. ಬಚ್ಚಲು ತುಂಬಿ, ನೀರು ಹೊಸ್ತಿಲು ದಾಟಿ, ನೆಲದ ಬಿರುಕು ಹಿಡಿದು ಕೆಳಮನೆಯ ಸೂರಿನಿಂದ ತೊಟ್ಟಿಕ್ಕಿತು. ಕೆಳಮನೆಯ ಯಜಮಾನರು ಕೆಟ್ಟವರಲ್ಲ. ಮೊದಲ ಸಲ ನಕ್ಕು ಸುಮ್ಮನಾದರು. ಎರಡನೆಯ ಸಲ ಮೇಲೆ ಬಂದು ಹೇಳಿದರು. ಮೂರನೆಯ ಸಲ ಬಾಗಿಲಲ್ಲೇ ನಿಂತರು. ಅವರ ಕನ್ನಡಕದ ಗಾಜಿನ ಮೇಲೂ ಒಂದು ಹನಿಯಿತ್ತು.

"ನೋಡಮ್ಮಾ, ನಿನ್ನ ಕಷ್ಟ ನನಗೆ ಅರ್ಥ ಆಗಲ್ಲ ಅಂತಲ್ಲ. ಮನೆಯೊಳಗೆ ಕೊಡೆ ಹಿಡ್ಕೊಂಡು ಕೂರೋ ಹಾಗಾಗಿದೆ ನನಗೆ. ನನ್ನ ಹಾಸಿಗೆ ನೆಂದು ಮುದ್ದೆಯಾಗಿದೆ."

"ತಪ್ಪಾಯ್ತು ಸಾರ್. ಇನ್ಮೇಲೆ ಆಗಲ್ಲ."

"ಹೋದ್ಸಲನೂ ಹಾಗೇ ಅಂದಿದ್ದೆ."

ಮರುದಿನ ಪ್ಲಂಬರ್ ಬಂದು ಬಚ್ಚಲ ನಲ್ಲಿಯ ಹಿಡಿ ಬಿಚ್ಚಿ ಅಕ್ಕನ ಕೈಗೆ ಕೊಟ್ಟ. ಬೇಕಾದಾಗ ಸಿಕ್ಕಿಸಿಕೊಂಡು ತಿರುಗಿಸಬೇಕು. ಅಕ್ಕ ಅದನ್ನು ಕೈಚೀಲಕ್ಕೆ ಹಾಕಿಕೊಂಡು ಕೆಲಸಕ್ಕೆ ಹೋದಳು. ಸಂಜೆ ಬಂದಾಗ ದೊರೆ ಒಣ ಬಚ್ಚಲಲ್ಲಿ ಕೂತು ನೆಲ ಬಡಿಯುತ್ತಿದ್ದ. ಅಂಗೈ ಕೆಂಪಾಗಿತ್ತು. ಅವಳನ್ನು ಕಂಡು ನಕ್ಕ. ಅದು ಯಾವ ನಗುವೆಂದು ಅವಳಿಗೆ ತಿಳಿಯಲಿಲ್ಲ.

ಬೇರೆ ಏನಾದರೂ ಹಿಡಿಸೀತೇ ಎಂದು ಹುಡುಕಿದಳು. ಚೆಂಡು ತಂದಳು, ಮುಟ್ಟಲಿಲ್ಲ. ಕೀಲಿಕೊಟ್ಟರೆ ಓಡುವ ಕಾರು ತಂದಳು, ಅದು ಗೋಡೆಗೆ ಹೋಗಿ ಡಿಕ್ಕಿ ಹೊಡೆದು ಸುಮ್ಮನಾಯಿತು, ಅವನೂ ಸುಮ್ಮನಾದ. ಕೊನೆಗೆ ಆಸ್ಪತ್ರೆಯಲ್ಲಿ ಸಾಮಾನು ಸುತ್ತಿ ಬರುವ ಪರಪರ ಎನ್ನುವ ಪ್ಲಾಸ್ಟಿಕ್ ಹಾಳೆಯೊಂದನ್ನು ಅವಳು ಬೇರೆ ಯಾವುದಕ್ಕೋ ತಂದಿಟ್ಟಿದ್ದಾಗ, ದೊರೆ ಅದನ್ನೆತ್ತಿಕೊಂಡು ಕಿವಿಯ ಹತ್ತಿರ ಹಿಡಿದು ಹಿಸುಕಿದ. ಕಣ್ಣರಳಿತು. ಅಂದಿನಿಂದ ಲಾಂಡ್ರಿಯವನು ಅಂಥ ಹಾಳೆಗಳನ್ನು ಮಡಚಿ ಎತ್ತಿಡತೊಡಗಿದ. "ಏನಕ್ಕಾ, ಪ್ಲಾಸ್ಟಿಕ್ಕಲ್ಲೂ ಅಂಗಿ ಹೊಲೀತೀರಾ?" ಎಂದು ಕೇಳಿದ. ಅಕ್ಕ ಆ ವಾರದಲ್ಲಿ ಮೊದಲ ಸಲ ನಕ್ಕಳು.

ನೋಡಿಕೊಳ್ಳುವ ಹೆಂಗಸು ಒಂದು ದಿನ ಬರಲಿಲ್ಲ. ಬೇರೆ ದಾರಿ ಕಾಣದೆ ಅಕ್ಕ ದೊರೆಯನ್ನು ಆಸ್ಪತ್ರೆಗೇ ಕರೆದುಕೊಂಡು ಹೋದಳು. ಖಾಲಿ ಮಷೀನಿನ ಹಿಂದೆ ಕುರ್ಚಿ ಹಾಕಿ ಕೂರಿಸಿ, ಕೈಗೆ ಹಾಳೆ ಕೊಟ್ಟಳು. ಅವಳು ಸೂಜಿಗೆ ದಾರ ಪೋಣಿಸುವುದರೊಳಗೆ ಕುರ್ಚಿ ಖಾಲಿ. ಕೆಳಗೆ ಬಿದ್ದಿದ್ದ ಹಾಳೆ ಎತ್ತಿಕೊಂಡು ಲಾಂಡ್ರಿಗೆ ಓಡಿದಳು. ಜಾಲಿಸಿದ ನೀರು ಹರಿದುಹೋಗುವ ಕಾಲುವೆಯ ಅಂಚಿನಲ್ಲಿ, ಸೋಪಿನ ನೊರೆಯ ನಡುವೆ, ದೊರೆ ಆಸ್ಥಾನದಲ್ಲಿ ಕೂತಂತೆ ಕೂತಿದ್ದ. ಅವನ ಎದುರಿಗೆ ಬಿಳಿ ಕೋಟಿನ ಲೇಡಿ ಡಾಕ್ಟರೊಬ್ಬರು ಮೊಣಕಾಲೂರಿ, ಸೀರೆಯ ಅಂಚು ನೆನೆಯುತ್ತಿದ್ದರೂ ಲೆಕ್ಕಿಸದೆ ಅವನನ್ನೇ ನೋಡುತ್ತಿದ್ದರು. ಕೋಟಿನ ಹರಿದ ಜೇಬು ಹೊಲಿಸಲು ಬಂದಿದ್ದರಂತೆ. ಮೂರನೆಯ ಮಹಡಿಯಲ್ಲಿ, ಹುಟ್ಟಿನಿಂದ ಬರುವ ಕಾಯಿಲೆಗಳ ವಿಭಾಗದವರು.

"ನಿಮ್ಮವರಾ?"

"ತಮ್ಮ, ಮೇಡಂ. ಕ್ಷಮಿಸಿ, ಈಗಲೇ ಕರ್ಕೊಂಡು ಹೋಗ್ತೀನಿ."

"ಇರಲಿ, ಇರಲಿ. ಮಾತಾಡಲ್ಲ ಅಲ್ವಾ ಇವರು? ನಿದ್ದೆ ಕಮ್ಮಿ? ಚಿಕ್ಕೋರಿದ್ದಾಗ ಮೂರ್ಛೆ ಬರ್ತಿತ್ತಾ?"

ಅಕ್ಕ ಎಲ್ಲಕ್ಕೂ ತಲೆಯಾಡಿಸಿದಳು.

"ನೀರು ಅಂದ್ರೆ ಪ್ರಾಣ. ಪರಪರ ಅನ್ನೋ ಕಾಗದ, ಪ್ಲಾಸ್ಟಿಕ್ ಕಂಡ್ರೆ ಬಿಡಲ್ಲ. ಹೌದಾ?"

ಅಕ್ಕನ ಕೈಯಲ್ಲಿದ್ದ ಹಾಳೆ ಸದ್ದು ಮಾಡಿತು. "ನಿಮಗೆ ಹೇಗೆ ಗೊತ್ತು?"

ಡಾಕ್ಟರು ಮೆತ್ತಗೆ ಹೇಳಿದರು. ರಕ್ತ ಪರೀಕ್ಷೆ ಮಾಡಿಸಬೇಕು, ಆದರೆ ಬಹುತೇಕ ಇಂಥ ಕಾಯಿಲೆಯೇ ಇರಬೇಕು. ಅದಕ್ಕೊಂದು ಹೆಸರೂ ಇದೆ, ಮೊದಲು ಗುರುತಿಸಿದ ಡಾಕ್ಟರ ಹೆಸರನ್ನೇ ಇಟ್ಟಿದ್ದಾರೆ. ಪರೀಕ್ಷೆ ಆಯಿತು, ಕಾದದ್ದಾಯಿತು, ಅಂದದ್ದೇ ನಿಜವಾಯಿತು. ತಾಯಿಯ ಕಡೆಯಿಂದ ಬರುವ ವರ್ಣತಂತುವಿನಲ್ಲಿ ಒಂದು ಚೂರು ಬಿಟ್ಟುಹೋಗಿದೆ, ಯಾರ ತಪ್ಪೂ ಅಲ್ಲ, ತಾನಾಗಿ ಆಗುವಂಥದ್ದು ಎಂದರು. ಬಸುರಿಯಾಗಿದ್ದಾಗ ಮೆಟ್ಟಿಲು ಜಾರಿ ಬಿದ್ದದ್ದಕ್ಕೇ ಮಗ ಹೀಗಾದ ಎಂದು ನಂಬಿ, ಆ ಮೆಟ್ಟಿಲಿಗೆ ಜೀವಮಾನವಿಡೀ ಶಾಪ ಹಾಕಿದ ಅಮ್ಮ ಇದನ್ನು ಕೇಳಿಸಿಕೊಳ್ಳಬೇಕಿತ್ತು ಎಂದುಕೊಂಡಳು ಅಕ್ಕ.

"ಈ ಥರದೋರಿಗೆ ಏನೇನು ಇಷ್ಟ ಅಂತ ಬೇರೆ ಬೇರೆ ದೇಶಗಳಲ್ಲಿ ಮನೆಯೋರನ್ನ ಕೇಳಿ ನೋಡಿದಾರೆ" ಎಂದು ಡಾಕ್ಟರು ಉತ್ಸಾಹದಲ್ಲಿ ಮುಂದುವರಿಸಿದರು. "ಎಲ್ಲಿ ಕೇಳಿದ್ರೂ ನೀರು ಬಂದೇ ಬರುತ್ತೆ. ಬೇರೆ ವರ್ಣತಂತು ವ್ಯತ್ಯಾಸ ಇರೋರಿಗೆ ಬೇರೆ. ಕೆಲವರಿಗೆ ಹಾಡು, ಜನ. ಕೆಲವರಿಗೆ ಚಿತ್ರ ಜೋಡಿಸೋ ಆಟ. ಇವರಿಗೆ ನೀರು. ಹುಟ್ಟಿನಿಂದಲೇ ಬಂದಿರುತ್ತೆ ನೋಡಿ."

"ಯಾರೂ ಕಲಿಸಬೇಕಾಗಿಲ್ವಾ ಮೇಡಂ?"

"ಇಲ್ಲ ಇಲ್ಲ. ಕಲಿಸೋ ಪ್ರಶ್ನೆಯೇ ಬರಲ್ಲ."

ಡಾಕ್ಟರು ಅದನ್ನು ಸಮಾಧಾನಕ್ಕೆಂದೇ ಹೇಳಿದ್ದು. ಅಕ್ಕ "ಸರಿ ಮೇಡಂ" ಎಂದು ಎದ್ದುಬಂದಳು. ಮೂರು ಮಹಡಿ ಇಳಿದು ತನ್ನ ಮಷೀನಿನ ಮುಂದೆ ಕೂತಳು. ಒಂದು ಅಂಗಿಗೆ ಕಟ್ಟುದಾರ ಹೊಲಿಯಲು ಹೋಗಿ ಎರಡು ತೋಳುಗಳನ್ನೂ ಸೇರಿಸಿ ಹೊಲಿದುಬಿಟ್ಟಳು. ಬಿಚ್ಚಿದಳು. ಮತ್ತೆ ಹಾಗೇ ಹೊಲಿದಳು. ತನ್ನದು ಅಂತ ಇದ್ದದ್ದು ಅದೊಂದೇ. ಅದೂ ತನ್ನದಲ್ಲವಂತೆ. ಆ ಮಧ್ಯಾಹ್ನ ಬಚ್ಚಲಿಗೆ ಅವನನ್ನು ಅವಳಲ್ಲ, ಪಕ್ಕದ ಮನೆಯವರು ಕರೆದೊಯ್ದಿದ್ದರೂ, ಯಾರೂ ಕರೆದೊಯ್ಯದೆ ಅವನೇ ತೆವಳಿಕೊಂಡು ಹೋಗಿದ್ದರೂ ಅವನು ಹಾಗೇ ನಗುತ್ತಿದ್ದ. ಹೇಳಿಕೊಳ್ಳೋಣವೆಂದರೆ, "ಇದನ್ನ ಕಲಿಸಿದ್ದು ಇವಳು" ಎಂದು ಸಾರುತ್ತಿದ್ದ ಬಾಯಿಯೂ ಈಗಿಲ್ಲ. ಲಾಂಡ್ರಿಯವನು ಹಾಳೆಗಳ ಕಟ್ಟು ತಂದಿಟ್ಟು, ಅವಳ ಮುಖ ನೋಡಿ, ತಮಾಷೆ ಮಾಡದೆ ಹೋದ.

ಆ ಸಂಜೆ ನಲ್ಲಿಗೆ ಹಿಡಿ ಸಿಕ್ಕಿಸಿ ಟಬ್ಬಿಗೆ ನೀರು ಬಿಟ್ಟಳು. ಹೊಸ್ತಿಲ ಮೇಲೆ ಕೂತು, ತಮ್ಮನನ್ನು ಬೇರೆ ಯಾರನ್ನೋ ನೋಡುವಂತೆ ನೋಡಿದಳು. ಅವಳು ಕಾಣದ ಊರುಗಳಲ್ಲಿ, ಅವಳಿಗೆ ಬಾರದ ಭಾಷೆಯ ಮನೆಗಳಲ್ಲಿ, ಇವನ ಹಾಗೇ ಕೈಯೆತ್ತಿ ಇವನ ಹಾಗೇ ನೀರು ಬಡಿಯುವವರು ಎಷ್ಟೋ ಮಂದಿ. ದೊರೆಗೆ ಅಷ್ಟು ದೊಡ್ಡ ಬಳಗ. ಅವಳಿಗೆ ಅವನೊಬ್ಬ.

ಡಾಕ್ಟರು ಬಿಡಲಿಲ್ಲ. ಅಂಥ ಮಕ್ಕಳಿರುವ ಕೆಲವು ಮನೆಯವರು ಆಗಾಗ ಭಾನುವಾರ ಒಂದು ಈಜುಕೊಳದಲ್ಲಿ ಸೇರುತ್ತಾರೆ, ಅವತ್ತು ಬೇರೆಯವರಿಗೆ ಪ್ರವೇಶವಿರುವುದಿಲ್ಲ, ಹೋಗಿಬನ್ನಿ ಎಂದು ಹೇಳಿ ವಿಳಾಸ ಕೊಟ್ಟರು. ಅಕ್ಕ ಎರಡು ಸಲ ತಪ್ಪಿಸಿಕೊಂಡು ಮೂರನೆಯ ಸಲ ಹೋದಳು.

ಕೊಳದ ಬಾಗಿಲಲ್ಲೇ ಅವಳ ಕಾಲು ನಿಂತಿತು. ನೀಲಿ ಟೈಲ್ಸಿನ ಗೋಡೆಗಳಿಗೆ ಬಡಿದು ದೊರೆಯ ನಗು ಕೇಳಿಸುತ್ತಿತ್ತು. ದೊರೆ ಅವಳ ಪಕ್ಕದಲ್ಲಿ ಬಾಯಿ ಮುಚ್ಚಿಕೊಂಡು ನಿಂತಿದ್ದ. ಒಳಗೆ ಹೆಣ್ಣುಮಗುವೊಂದು, ಇಬ್ಬರು ಮೂವರು ಗಂಡುಮಕ್ಕಳು, ಮೀಸೆ ಚಿಗುರುತ್ತಿದ್ದ ಒಬ್ಬ ಹುಡುಗ. ಎಲ್ಲರ ಮೊಣಕೈಯೂ ಮೇಲೆ, ಎಲ್ಲರ ಬಾಯಲ್ಲೂ ಅದೇ ನಗು. ಸೊಂಟದುದ್ದ ನೀರಿನಲ್ಲಿ ಅಪ್ಪಂದಿರು ಅವರನ್ನು ಹಿಡಿದು ನಿಂತಿದ್ದರು. ಒಬ್ಬರು ಬಂದು ದೊರೆಯ ಕೈಹಿಡಿದು ಮೆಟ್ಟಿಲಿಳಿಸಿದರು. ಅವನು ಅಕ್ಕನ ಕಡೆ ತಿರುಗಿ ನೋಡಲಿಲ್ಲ.

ಅಂಚಿನ ಬೆಂಚಿನ ಮೇಲೆ ಅಮ್ಮಂದಿರು ಕೂತಿದ್ದರು. ಜಾಗ ಮಾಡಿಕೊಟ್ಟರು. ಹತ್ತು ವರ್ಷದ ಮಗಳಿದ್ದ ಒಬ್ಬ ತಾಯಿ ಮಾತಿಗಿಳಿದಳು.

"ನಿಮ್ಮ ತಮ್ಮನಾ ಅಕ್ಕಾ? ನಮ್ಮವಳೂ ಹೀಗೇ, ನೀರು ಬಿಟ್ಟು ಬರೋಕೆ ಒಲ್ಲೆ ಅಂತಾಳೆ."

ಏನೋ ಆಗಿ ಅಕ್ಕ ಹೇಳಿಬಿಟ್ಟಳು. "ಅವನಿಗೆ ನಾನೇ ಕಲಿಸ್ದೆ ಅಂದ್ಕೊಂಡಿದ್ದೆ. ಚಿಕ್ಕವಳಿದ್ದಾಗ."

ಆ ತಾಯಿ ಬಾಯಿಗೆ ಸೆರಗು ಅಡ್ಡ ಹಿಡಿದು ನಕ್ಕಳು. "ಅಯ್ಯೋ, ನೀವೊಬ್ಬರೇ ಅಲ್ಲ. ಇವಳಪ್ಪ ನೀರಿನ ಟ್ಯಾಂಕರ್ ಓಡಿಸೋದು. ಅಪ್ಪನ ಕಸುಬು ಮಗಳಿಗೆ ಬಂದಿದೆ ಅಂತ ಊರಿಗೆಲ್ಲ ಹೇಳ್ಕೊಂಡು ತಿರುಗ್ತಿದ್ರು. ಡಾಕ್ಟ್ರು ಹಾಗಲ್ಲ ಅಂದ ಮೇಲೆ ಎರಡು ದಿನ ಊಟ ಬಿಟ್ರು ಪಾಪ."

ಅಕ್ಕನೂ ನಕ್ಕಳು. ಎದೆಯ ಮೇಲಿದ್ದದ್ದು ಸ್ವಲ್ಪ ಸರಿದಂತಾಯಿತು. ಉಳಿದವರೂ ಹತ್ತಿರ ಸರಿದು ಕೂತರು. ಊಟದ ವಿಷಯ, ಹಲ್ಲಿನ ವಿಷಯ, ನಿದ್ದೆಯ ವಿಷಯ ಬಂತು. ಆಮೇಲೆ ಯಾರೋ ಕೇಳಿದರು, "ವಯಸ್ಸೆಷ್ಟು ನಿಮ್ಮ ತಮ್ಮನಿಗೆ?"

"ನಲವತ್ತರ ಹತ್ತಿರ."

ಎಲ್ಲರೂ ನೀರಿನತ್ತ ನೋಡಿದರು. ಕಿವಿಯ ಮೇಲೆ ನರೆತ ಕೂದಲು, ಬಾಗಿದ ಬೆನ್ನು. ಆ ಕೊಳಕ್ಕೆ ಬಂದ ಅಂಥವರಲ್ಲಿ ದೊರೆಯೇ ಹಿರಿಯ. ಆಮೇಲೆ ಅವರು ಅಕ್ಕನತ್ತ ನೋಡಿದರು. ಅವಳ ಚಪ್ಪಲಿ, ಕನ್ನಡಕ, ಸೂಜಿ ಚುಚ್ಚಿ ಒರಟಾದ ಬೆರಳು, ತಾಳಿಯಿಲ್ಲದ ಕೊರಳು. ತಮ್ಮ ಮಕ್ಕಳು ಮುಂದೆ ಹೇಗಿರುತ್ತಾರೆ, ಅವರ ಪಕ್ಕದಲ್ಲಿ ಯಾರು ಉಳಿದಿರುತ್ತಾರೆ ಎನ್ನುವುದು ಬೆಂಚಿನ ಮೇಲೆ ಬಂದು ಕೂತಂತಿತ್ತು.

"ನಿಮ್ಮ ತಾಯಿ...?"

"ಹೋದ್ರು."

"ಮತ್ತೆ ನಿಮ್ಮ ನಂತರ?"

ಕೇಳಿದವಳಿಗೇ ಕೇಳಬಾರದಿತ್ತು ಎನಿಸಿರಬೇಕು. ಟವೆಲ್ ಹುಡುಕುವ ನೆಪದಲ್ಲಿ ಎದ್ದಳು. ಒಬ್ಬಳು ಮಗನಿಗೆ ಬಿಸ್ಕತ್ತು ಕೊಡಲು ಹೋದಳು. ಇನ್ನೊಬ್ಬಳಿಗೆ ಫೋನು ಬಂತು. ಟ್ಯಾಂಕರ್‌ನವನ ಹೆಂಡತಿ ಮಾತ್ರ ಸ್ವಲ್ಪ ಹೊತ್ತು ಕೂತಿದ್ದು, "ಬರ್ತೀನಿ ಅಕ್ಕಾ" ಎಂದು ಎದ್ದಳು. ಬೆಂಚಿನ ಮೇಲೆ ಅಕ್ಕ ಉಳಿದಳು. ಅವರ ಮೇಲೆ ಅವಳಿಗೆ ಸಿಟ್ಟು ಬರಲಿಲ್ಲ. ಅವರ ಜಾಗದಲ್ಲಿ ತಾನಿದ್ದರೂ ಎದ್ದುಹೋಗುತ್ತಿದ್ದೆ ಎನ್ನಿಸಿತು.

ಹೊರಡುವ ಹೊತ್ತಾದರೂ ದೊರೆ ಮೇಲೆ ಬರಲಿಲ್ಲ. ಅಪ್ಪಂದಿರು ಎಳೆದರು, ರಮಿಸಿದರು, ಆಗಲಿಲ್ಲ. ಕೊನೆಗೆ ಅಕ್ಕ ಚಪ್ಪಲಿ ಬಿಟ್ಟು, ಉಟ್ಟ ಬಟ್ಟೆಯಲ್ಲೇ ಮೆಟ್ಟಿಲಿಳಿದಳು. ನೀರು ಮೊಣಕಾಲಿಗೆ, ಸೊಂಟಕ್ಕೆ ಬಂತು. ಈಜು ಬಾರದವಳು, ಕಂಬಿಯನ್ನು ಬಿಗಿಯಾಗಿ ಹಿಡಿದುಕೊಂಡಳು. ದೊರೆ ಅವಳ ಮುಖಕ್ಕೆ ನೀರು ಬಡಿದ. ಎಲ್ಲರಿಗೂ ಬಡಿದ ಹಾಗೇ ಬಡಿದ. ಅದರಲ್ಲಿ ಅಕ್ಕನಿಗೆಂದು ಬೇರೆ ಏನೂ ಇರಲಿಲ್ಲ. ಕನ್ನಡಕದಿಂದ ಇಳಿಯುತ್ತಿದ್ದ ನೀರಿನಾಚೆ ಅವನ ಮುಖ ಮಸುಕಾಗಿ ಕಂಡಿತು. ಅವಳೂ ತಿರುಗಿಸಿ ಬಡಿದಳು. ಕೈಸೋಲುವ ತನಕ ಬಡಿದಳು. ಆಮೇಲೆ ಅವನ ಸೊಂಟಕ್ಕೆ ಕೈಹಾಕಿ "ಸಾಕು ನಡಿಯೋ, ಚಳಿಯಾಗುತ್ತೆ" ಎಂದಾಗ ಅವನು ಬಂದ. ಸುಸ್ತಾಗಿದ್ದಕ್ಕೋ, ಅವಳ ಮಾತಿಗೋ, ಅವಳು ಯೋಚಿಸಲು ಹೋಗಲಿಲ್ಲ.

ಮಳೆಗಾಲಕ್ಕೆ ಮುಂಚೆ ಅಕ್ಕ ಅಮ್ಮನ ಮನೆ ಬಿಟ್ಟಳು. ಊರಿನ ಇನ್ನೊಂದು ತುದಿಯಲ್ಲಿ, ಗ್ಯಾರೇಜೊಂದರ ಹಿಂದೆ, ನೆಲದ ಮೇಲಿನ ಎರಡು ಕೋಣೆಯ ಮನೆ ಹಿಡಿದಳು. ಕತ್ತಲೆಯ ಮನೆ, ಹಗಲೂ ದೀಪ ಹಾಕಬೇಕು. ಆದರೆ ಕೆಳಗೆ ಯಾರೂ ಇಲ್ಲ, ಮಣ್ಣು ಬಿಟ್ಟರೆ. ಎಷ್ಟು ಚೆಲ್ಲಿದರೂ ಹೊಸ್ತಿಲ ಮೇಲೆ ಬಂದು ನಿಲ್ಲುವವರಿಲ್ಲ. ಹಳೆ ಮನೆಯಿಂದ ಸಾಮಾನು ಇಳಿಸಿದ ದಿನ ಕೆಳಮನೆಯ ಯಜಮಾನರು ಮೆಟ್ಟಿಲ ತನಕ ಬಂದು, "ಬೇಜಾರು ಮಾಡ್ಕೋಬೇಡಮ್ಮಾ" ಎಂದರು. ದೊರೆ ಅವರ ಕನ್ನಡಕ ಕಿತ್ತುಕೊಂಡು ನಕ್ಕ. ಯಜಮಾನರೂ ನಕ್ಕರು.

ಹೊಸ ಬೀದಿಯಲ್ಲಿ ಯಾರ ಪರಿಚಯವೂ ಇಲ್ಲ. ಬಾಗಿಲು ತೆರೆದರೆ ಗ್ಯಾರೇಜಿನ ಹಿಂಗೋಡೆ, ಅದಕ್ಕೆ ಒರಗಿಸಿಟ್ಟ ಹಳೆ ಟೈರುಗಳು. ಕೆಲಸದಿಂದ ಬಂದು, ನೋಡಿಕೊಳ್ಳುವವಳನ್ನು ಕಳಿಸಿ, ಅಕ್ಕ ಟಬ್ಬಿಗೆ ನೀರು ಬಿಡುತ್ತಾಳೆ. ಬಚ್ಚಲ ಬಾಗಿಲಲ್ಲಿ ಕೂತು ಅವತ್ತು ಏನೇನು ಹೊಲಿದೆ ಎಂದು ಹೇಳುತ್ತಾಳೆ. ಅವನು ಕೇಳಿಸಿಕೊಳ್ಳುವುದಿಲ್ಲ. ಹೇಳುವುದನ್ನು ಅವಳೂ ಬಿಡುವುದಿಲ್ಲ.

ಒಂದು ಸಂಜೆ ಫೋನು ಬಂತು. ಟ್ಯಾಂಕರ್‌ನವನ ಹೆಂಡತಿ.

"ಅಕ್ಕಾ, ನಿಮ್ಮ ನಂಬರು ಡಾಕ್ಟ್ರ ಹತ್ರ ಇಸ್ಕೊಂಡೆ. ಅವತ್ತು ಹಾಗೆ ಎದ್ದುಹೋಗಿಬಿಟ್ಟೆ."

"ಅದಕ್ಕೇನೀಗ."

"ನಮ್ಮವಳು ಉಗುರು ಕತ್ತರಿಸೋಕೆ ಬಿಡ್ತಾನೇ ಇಲ್ಲ ಅಕ್ಕಾ. ನೀವು ಹೇಗೆ ಮಾಡ್ತೀರಾ?"

"ನೀರಲ್ಲಿ ಕೈಯಾಡಿಸ್ತಿರುವಾಗ ಒಂದೊಂದೇ ಬೆರಳು ಕತ್ತರಿಸ್ಬೇಕು. ಅವಸರ ಮಾಡ್ಬಾರ್ದು. ಒಂದು ದಿನ ಒಂದು ಕೈ, ಸಾಕು."

"ಯಾರು ಹೇಳಿಕೊಟ್ರು ನಿಮಗೆ?"

"ಯಾರೂ ಇಲ್ಲಮ್ಮಾ. ಮಾಡ್ತಾ ಮಾಡ್ತಾ ಗೊತ್ತಾಯ್ತು."

ಆ ಕಡೆ ಮಗು ಏನನ್ನೋ ಬೀಳಿಸಿದ ಸದ್ದು ಕೇಳಿಸಿತು. "ಇಡ್ತೀನಿ ಅಕ್ಕಾ, ಇನ್ನೊಂದ್ಸಲ ಮಾಡ್ತೀನಿ" ಎಂದು ಅವಳು ಇಟ್ಟಳು. ಅಕ್ಕ ಫೋನನ್ನು ಹೊಸ್ತಿಲ ಮೇಲಿಟ್ಟಳು. ಗ್ಯಾರೇಜಿನವರು ಷಟರ್ ಎಳೆದು ಬೀಗ ಹಾಕಿ ಹೋದರು. ಬೀದಿಯಲ್ಲಿ ಸದ್ದಡಗಿತು. ದೊರೆ ಟಬ್ಬಿನಲ್ಲಿ ಎರಡೂ ಕೈ ಮುಳುಗಿಸಿಕೊಂಡು, ನಗದೆ, ನೀರು ನಿಶ್ಚಲವಾಗುವುದನ್ನೇ ನೋಡುತ್ತಿದ್ದ. ಇವತ್ತಿಗೆ ಅವನಿಗೆ ಸಾಕಾಗಿದೆ ಎಂದು ಅಕ್ಕನಿಗೆ ಗೊತ್ತಾಯಿತು. ಒಣ ಟವೆಲ್ ತರಲು ಎದ್ದಳು.